ಹೀರೋಗೆ ಕೆಲ್ಸ ಎಂತದು?

ನಮ್ಮಪ್ಪನ ಜೊತೆ ಕೂತು ಸಿನಿಮಾ ನೋಡೋದು ಸುಲಭ ಅಲ್ಲ. ಹೀರೋ ಎಂಟ್ರಿ ಆಗಿ, ನಾವಿನ್ನೂ ಶಿಳ್ಳೆ ಹೊಡೆದು ಮುಗಿಸಿರೋದಿಲ್ಲ, ಪಕ್ಕದ ಸೀಟಿಂದ ಪ್ರಶ್ನೆ ಬರುತ್ತೆ: "ಅಲ್ವೋ, ಇವ್ನಿಗೆ ಕೆಲ್ಸ ಎಂತದು?"

ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟ್ ಮಾಡಿ ರಿಟೈರ್ ಆದವರು. ನಾನು ಬೆಳೆದದ್ದು ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ. ಸೈರನ್ ಕೇಳಿ ಗಡಿಯಾರ ಸರಿ ಮಾಡ್ಕೊಳ್ಳೋ ಊರು. ಆ ಕಡೆ ಪೇಪರ್ ಟೌನ್‌ನಲ್ಲಿ ಎಂಪಿಎಂನವರು. ಗೆಳೆಯನ ಮನೆಗೆ ಆಡೋಕೆ ಹೋದ್ರೆ ಬಾಗಿಲಲ್ಲೇ "ನಿಮ್ಮಪ್ಪಂದು ಯಾವ ಶಿಫ್ಟು?" ಅಂತ ಪಿಸುಗುಟ್ಟಬೇಕಿತ್ತು. ನೈಟ್ ಶಿಫ್ಟ್ ಮುಗಿಸಿ ಮಲಗಿದವರನ್ನ ಎಬ್ಬಿಸಿದ್ರೆ ಬೈಗುಳ ಗ್ಯಾರಂಟಿ. ಅಂಥ ಊರಿನ ಮನುಷ್ಯನಿಗೆ ತೆರೆ ಮೇಲಿನವನ ಕೆಲಸ ಏನು ಅಂತ ತಿಳ್ಕೊಳ್ಳೋದು ಮುಖ್ಯ ಆಗಿದ್ರಲ್ಲಿ ಆಶ್ಚರ್ಯ ಇಲ್ಲ. ಆಗ ನನಗೆ ಕಿರಿಕಿರಿ ಆಗ್ತಿತ್ತು. ಈಗ ಬೆಂಗಳೂರಲ್ಲಿ ಒಬ್ಬನೇ ಮಲ್ಟಿಪ್ಲೆಕ್ಸ್‌ಗೆ ಹೋದಾಗ್ಲೂ ಒಳಗಿಂದ ಅದೇ ಪ್ರಶ್ನೆ ಕೇಳಿಸುತ್ತೆ.

'ಮುಂಗಾರು ಮಳೆ' ವಿಷಯಕ್ಕೆ ಬರೋಣ. 2006ರ ಕೊನೆಯಲ್ಲಿ ಬಂದ ಸಿನಿಮಾ. ನಾನು ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ ನಾಲ್ಕು ಸಲ ನೋಡಿದೆ, ಮೂರನೇ ಸಲ ಅಪ್ಪ ಬಂದಿದ್ರು. ಪ್ರೀತಮ್‌ಗೆ ಕೆಲ್ಸ ಎಂತದು? ಏನೂ ಇಲ್ಲ. ಅಪ್ಪನ ದುಡ್ಡಿದೆ, ಮಾತಿದೆ, ದೇವದಾಸ ಅನ್ನೋ ಮೊಲ ಇದೆ. ಆದರೂ ನಾನು ಆ ಸಿನಿಮಾನ ಬಿಟ್ಕೊಡಲ್ಲ. ಯೋಗರಾಜ್ ಭಟ್ಟರು ತಮ್ಮ ಹುಡುಗ ದೊಡ್ಡ ಮನುಷ್ಯ ಅಂತ ನಮ್ಮನ್ನ ನಂಬಿಸೋಕೆ ಹೋಗಲಿಲ್ಲ. ಅವನು ಸೋಮಾರಿ, ಬಾಯಿಬಡುಕ ಅಂತ ಮೊದಲೇ ಒಪ್ಕೊಂಡ್ರು. ಕೊನೆಗೆ ಅವನಿಗೆ ಹುಡುಗಿ ಸಿಗೋದೂ ಇಲ್ಲ. ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಜೋಗ ನೋಡಿದಾಗ 'ಇದು ನಮ್ಮ ಜಿಲ್ಲೆ ಕಣ್ರೋ' ಅಂತ ಥಿಯೇಟರಲ್ಲೇ ಎದೆ ಉಬ್ಬಿತ್ತು. ಹತ್ತು ವರ್ಷ ಬಿಟ್ಟು 2016ರಲ್ಲಿ 'ಮುಂಗಾರು ಮಳೆ 2' ಬಂತು. ಗಣೇಶ್ ಇದ್ರು, ಮಳೆ ಇತ್ತು, ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಮುಗಿದಿತ್ತು, ನನ್ನ ಆಸಕ್ತಿ ಅದಕ್ಕಿಂತ ಮುಂಚೆ ಮುಗಿದಿತ್ತು.

ಮೊದಲನೇ ಮಳೆ ಇನ್ನೂ ಥಿಯೇಟರ್‌ಗಳಲ್ಲಿ ಸುರೀತಿದ್ದಾಗಲೇ, 2007ರ ಫೆಬ್ರವರಿಯಲ್ಲಿ, ಸೂರಿಯವರ 'ದುನಿಯಾ' ಬಂತು. ವಿಜಯ್ ಕಲ್ಲು ಕ್ವಾರಿಯ ಕೂಲಿ. ಆ ಕೈ, ಆ ಮೈಬಣ್ಣ, ಪೇಟೆಗೆ ಬಂದವನ ಆ ಪೆದ್ದು ನಿಲುವು. ಅಪ್ಪ ಅವತ್ತು ಪ್ರಶ್ನೆ ಕೇಳಲಿಲ್ಲ. ಸಿನಿಮಾ ಮುಗಿದ ಮೇಲೆ "ಹುಡುಗ ಕೆಲ್ಸ ಮಾಡೋನು, ಹಾಳಾಗ್ಬಿಟ್ಟ" ಅಂದ್ರು. ನಾನು ಓದಿರೋ ಎಷ್ಟೋ ವಿಮರ್ಶೆಗಿಂತ ಇದು ವಾಸಿ. ಕೊನೆಯ ಅರ್ಧ ಗಂಟೆಯ ರಕ್ತ ನನಗೆ ಜಾಸ್ತಿ ಆಯ್ತು ಅನ್ನೋದು ಬೇರೆ ಮಾತು.

ಈಗ ಬೈಸಿಕೊಳ್ಳೋ ವಿಷಯ. ನನ್ನನ್ನ ಅತಿ ಹೆಚ್ಚು ನಿರಾಸೆ ಮಾಡಿದ ಸಿನಿಮಾ 'ಕೆಜಿಎಫ್'. ತಡೀರಿ, ಕಲ್ಲು ಆಮೇಲೆ ಹೊಡೀರಿ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗಕ್ಕೆ ನಾನೂ ಶಿಳ್ಳೆ ಹೊಡೆದಿದ್ದೀನಿ. ಕಣ್ಣು ಕಾಣದ ಮುದುಕನನ್ನ ರಾಕಿ ಕಾಪಾಡೋ ದೃಶ್ಯದಲ್ಲಿ ಗಂಟಲು ಕಟ್ಟಿತ್ತು. ಪ್ರಶಾಂತ್ ನೀಲ್, ಭುವನ್ ಗೌಡ, ರವಿ ಬಸ್ರೂರು ಸೇರಿ ಕನ್ನಡ ಸಿನಿಮಾನ ದೇಶಕ್ಕೆಲ್ಲ ತಲುಪಿಸಿದ್ರು, ಅದೂ ನಿಜ.

ಆದರೆ ನಾನು ಆ ಹೆಸರು ನೋಡಿ ಹೋದವನು. ಕೆಜಿಎಫ್ ಅಂದ್ರೆ ನಮ್ಮೂರಿನ ಅಣ್ಣನ ಥರದ ಊರು. ಕಂಪನಿ, ಕ್ವಾರ್ಟರ್ಸ್, ಶಿಫ್ಟು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ನಡೆಸೋಕೆ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮುಂಚೆ ಅಲ್ಲಿಗೆ ಹೋಯ್ತು. ನೆಲದಡಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ಜನ ಕೆಲಸ ಮಾಡಿದ್ರು. 2001ರಲ್ಲಿ ಗಣಿ ಮುಚ್ಚಿತು. ಸಿನಿಮಾದಲ್ಲಿ ಚಿನ್ನ ಸಿಗೋದೇ 1951ರಲ್ಲಿ. ಇರಲಿ, ಕಥೆ ಅಂದ್ಮೇಲೆ ಸ್ವಾತಂತ್ರ್ಯ ಇರಲೇಬೇಕು. ನನ್ನ ತಕರಾರು ಇಸವಿದಲ್ಲ. ನರಾಚಿಯ ಸಾವಿರಾರು ಜನರಲ್ಲಿ ಒಬ್ಬನಿಗೂ ಅವನ ಕೆಲಸ ಗೊತ್ತಿದ್ದಂಗೆ ಕಾಣಲ್ಲ. ಅವರು ಹೊರ್ತಾರೆ, ಬೀಳ್ತಾರೆ, ಸಾಯ್ತಾರೆ, ರಾಕಿಗೆ ಕಾಯ್ತಾರೆ. ಗಣಿ ಕೆಲಸಗಾರನಿಗೆ ಕಲ್ಲಿನ ಸದ್ದು ಕೇಳಿದ್ರೆ ಏನೋ ಅರ್ಥ ಆಗಬೇಕಲ್ವಾ? ನಮ್ಮಪ್ಪನಿಗೆ ಕುಲುಮೆಯ ಬೆಂಕಿಯ ಬಣ್ಣ ನೋಡಿ ಒಳಗೆ ಏನಾಗ್ತಿದೆ ಅಂತ ಗೊತ್ತಾಗ್ತಿತ್ತು. ಅಂಥದ್ದೊಂದು ಶಾಟ್ ಇದ್ದಿದ್ರೂ ನಾನು ಎರಡು ಭಾಗಕ್ಕೂ ಶರಣು ಅಂತಿದ್ದೆ.

ಈ ಸಿಟ್ಟಿಗೆ ಮೂಲ ನಮ್ಮೂರೇ ಅಂತ ಒಪ್ಕೋತೀನಿ. ದೊಡ್ಡಣ್ಣ ನಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದೋರು. 'ವೀರಪ್ಪ ನಾಯ್ಕ', 'ಸೂರ್ಯವಂಶ' ಮಾಡಿದ ಎಸ್. ನಾರಾಯಣ್ ಭದ್ರಾವತಿಯವರು. ಇಷ್ಟಿದ್ದೂ ನಾನು ನೋಡಿದ ಯಾವ ಸಿನಿಮಾದಲ್ಲೂ ಆ ಸೈರನ್ ಕೇಳಿಸಿಲ್ಲ. 1918ರಲ್ಲಿ ಅಡಿಗಲ್ಲು ಬಿದ್ದ ಕಾರ್ಖಾನೆ ಅದು. ಎಂಪಿಎಂನ ಯಂತ್ರಗಳು 2015ರ ಸುಮಾರಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚೋ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಎಷ್ಟು ಸಿನಿಮಾ ಆಗಬಹುದು ಇದರಲ್ಲಿ! ನಮ್ಮ ಜಿಲ್ಲೆ ಅಂದ್ರೆ ಸಿನಿಮಾದವರಿಗೆ ಜಲಪಾತ, ತೊಟ್ಟಿಮನೆ ಮತ್ತು ಮಂಜು ಅಷ್ಟೇ ಅಂತ ನಾನು ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಈ ಭಾಷಣಕ್ಕೆ ಒಂದು ಪೆಟ್ಟು ಬಿತ್ತು. ಹೊರಗೆ ಜಡಿಮಳೆ. ಟೀವಿಗೆ 'ದ್ವೀಪ' ಹಾಕಿದೆ. ಗಿರೀಶ್ ಕಾಸರವಳ್ಳಿಯವರ 2002ರ ಸಿನಿಮಾ, ನಟಿ ಸೌಂದರ್ಯ ಅವರದೇ ನಿರ್ಮಾಣ. ರಾಷ್ಟ್ರಪ್ರಶಸ್ತಿ ಬಂದಿತ್ತು. ಕಥೆ ಸಾಗರದ ನಾ. ಡಿಸೋಜ ಅವರದು. ಅಣೆಕಟ್ಟಿನ ನೀರು ಏರ್ತಾ ಇದೆ, ಊರವರೆಲ್ಲ ಪರಿಹಾರ ತಗೊಂಡು ಹೊರಟಿದ್ದಾರೆ. ಗಣಪನ ಮನೆಯವರು ಮಾತ್ರ ಗುಡ್ಡ ಬಿಟ್ಟು ಇಳಿಯಲ್ಲ. ನಿಧಾನದ ಸಿನಿಮಾ, ಅಪ್ಪ ನಿದ್ದೆ ಮಾಡ್ತಾರೆ ಅಂದ್ಕೊಂಡಿದ್ದೆ. ಪೇಟೆಯಿಂದ ಬರೋ ಕೃಷ್ಣನ ಪಾತ್ರ, ಅವನಿಂದ ಗಂಡನಿಗೆ ಹುಟ್ಟೋ ಅನುಮಾನ ನನಗೆ ಈಗಲೂ ಸ್ವಲ್ಪ ಸಲೀಸಾಗಿ ಬಂದ ತಿರುವು ಅನ್ಸುತ್ತೆ. ಆದರೆ ನಾಗಿಯಾಗಿ ಸೌಂದರ್ಯ! ಅವರ ಕೈ ಒಂದು ಗಳಿಗೆ ಸುಮ್ಮನಿರಲ್ಲ. ಮನೆ ಉಳಿಸೋದು, ಬೆಂಕಿ ಉಳಿಸೋದು, ಧೈರ್ಯ ಉಳಿಸೋದು ಎಲ್ಲ ಅವಳೇ. ಕೊನೆಗೆ ಗಂಡ ಎಲ್ಲಾ ದೇವರ ದಯೆ ಅಂತಾನೆ. ಆ ಕ್ಷಣದಲ್ಲಿ ಅವಳ ಮುಖ ನೋಡಿ.

"ಮಾಡಿದ್ದೆಲ್ಲ ಅವ್ಳು" ಅಂದ್ರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಆ ನೀರಲ್ಲೇ ಕಣೋ ನಮ್ಮ ಫರ್ನೇಸ್ ಓಡಿದ್ದು."

ನನಗೆ ಆ ಲೆಕ್ಕ ಹೊಳೆದೇ ಇರಲಿಲ್ಲ. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆ ಬಂತು, ಕರೆಂಟು ಜೋಗದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದವರಲ್ಲಿ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕೆ ಇವತ್ತಿಗೂ ಅಲೀತಿವೆ. ನಮ್ಮ ಕ್ವಾರ್ಟರ್ಸಿನ ಬಲ್ಬು, ಅಪ್ಪನ ಸಂಬಳ, ನನ್ನ ಸ್ಕೂಲ್ ಫೀಸು, ನಾಲ್ಕು ಸಲ 'ಮುಂಗಾರು ಮಳೆ' ನೋಡಿದ ಟಿಕೆಟ್ ದುಡ್ಡು, ಎಲ್ಲದರಲ್ಲೂ ಆ ನೀರಿದೆ. ನಮ್ಮೂರನ್ನ ಯಾರೂ ತೋರಿಸಿಲ್ಲ ಅಂತ ದೂರ್ತಿದ್ದವನಿಗೆ 'ದ್ವೀಪ'ದಲ್ಲಿ ನಮ್ಮೂರು ಕಂಡುಬಿಡ್ತು. ಮುಳುಗೋ ಕಡೆ ಅಲ್ಲ, ಕರೆಂಟು ಹೋಗಿ ಸೇರೋ ಕಡೆ.

ಭದ್ರಾವತಿಯ ಸಿನಿಮಾ ಬೇಕು ಅನ್ನೋ ಆಸೆ ಇನ್ನೂ ಇದೆ. ಯಾರಾದ್ರೂ ಮಾಡೋದಾದ್ರೆ ಆ ಕುಲುಮೆ ಪಕ್ಕದಲ್ಲಿ ನಾಗಿಗೂ ಒಂದು ಜಾಗ ಇಡಿ. ಮೊದಲ ಶೋಗೆ ನಾನು ಅಪ್ಪನ್ನ ಕರ್ಕೊಂಡು ಬರ್ತೀನಿ. ಹೀರೋ ಯಾವ ಶಿಫ್ಟು ಅಂತ ಅವರು ಕೇಳೇ ಕೇಳ್ತಾರೆ, ಉತ್ತರ ರೆಡಿ ಇಟ್ಕೊಳ್ಳಿ.