ಜಿಯೋಜೀಬ್ರಾಕ್ಕೆ ಸ್ಕ್ರಿಪ್ಟ್ ಬಂದ ಮೇಲೆ

ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರುಮಾಡಿದ ಜಿಯೋಜೀಬ್ರಾ ಎಂಬ ತಂತ್ರಾಂಶ ಗಣಿತದ ಮೇಷ್ಟ್ರುಗಳಿಗೆ ಹಿಡಿಸಿದ್ದು ಈ ಗುಣದಿಂದಲೇ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೂ ಇದರ ತರಬೇತಿ ಸಿಕ್ಕಿದೆ. ಪ್ರೋಗ್ರಾಮಿಂಗ್ ಬಾರದವರೂ ಇದರಲ್ಲಿ ಪಾಠ ಕಟ್ಟಬಹುದು. ಅಂಥ ತಂತ್ರಾಂಶಕ್ಕೆ 2011ರ 4.0 ಆವೃತ್ತಿಯಲ್ಲಿ ಗುಂಡಿ, ಉತ್ತರ ತುಂಬುವ ಪೆಟ್ಟಿಗೆಗಳ ಜತೆಗೆ ಸ್ಕ್ರಿಪ್ಟ್ ಕೂಡ ಬಂತು.

ಬಂದದ್ದು ಒಳ್ಳೆಯದೇ ಆಯಿತು. ಜಿಯೋಜೀಬ್ರಾ ಸ್ಕ್ರಿಪ್ಟ್ ಎಂಬುದು ಬೇರೆಯೇ ಭಾಷೆಯಲ್ಲ. ಶಿಕ್ಷಕರು ಇನ್‌ಪುಟ್ ಬಾರಿನಲ್ಲಿ ದಿನವೂ ಟೈಪ್ ಮಾಡುವ ಆದೇಶಗಳೇ ಇಲ್ಲಿ ಸಾಲಾಗಿ ನಿಲ್ಲುತ್ತವೆ. ‘ಹೊಸ ಲೆಕ್ಕ’ ಎಂಬ ಗುಂಡಿಗೆ ಬೆಲೆ ನಿಗದಿಪಡಿಸುವ ಎರಡೇ ಎರಡು ‘ಸೆಟ್‌ವ್ಯಾಲ್ಯೂ’ ಸಾಲು ಬರೆದರೆ ಒತ್ತಿದಾಗೆಲ್ಲ ಎರಡು ಹೊಸ ಸಂಖ್ಯೆ ಬೀಳುತ್ತವೆ. ವಿದ್ಯಾರ್ಥಿ ಪೆಟ್ಟಿಗೆಯಲ್ಲಿ ಮೊತ್ತ ತುಂಬುತ್ತಾಳೆ, ಪಕ್ಕದಲ್ಲಿ ‘ಸರಿ’ ಎಂದು ಮೂಡುತ್ತದೆ. ಮುಗಿಯದ ಅಭ್ಯಾಸ ಪುಸ್ತಕವೊಂದು ಹತ್ತು ನಿಮಿಷದಲ್ಲಿ ತಯಾರು.

ತೊಡಕು ಇರುವುದು ಬೇರೆ ಕಡೆ.

‘ಎ’ ಮತ್ತು ‘ಬಿ’ ಬಿಂದುಗಳ ನಡುವೆ ‘ಸಿ’ಯನ್ನು ಮಧ್ಯಬಿಂದು ಎಂದು ರಚಿಸಿದರೆ ಯಾವ ಬಿಂದುವನ್ನು ಎಳೆದರೂ ‘ಸಿ’ ನಡುವೆಯೇ ಇರುತ್ತದೆ. ಅದೇ ಕೆಲಸವನ್ನು, ‘ಎ’ ಬದಲಾದಾಗಲೆಲ್ಲ ಓಡುವ ಅದರ ‘ಆನ್ ಅಪ್‌ಡೇಟ್’ ಸ್ಕ್ರಿಪ್ಟಿಗೆ ವಹಿಸಿ ನೋಡಿ. ‘ಎ’ಯನ್ನು ಎಳೆದಾಗ ಎಲ್ಲವೂ ಸರಿ, ‘ಬಿ’ಯನ್ನು ಎಳೆದರೆ ‘ಸಿ’ ಇದ್ದಲ್ಲೇ ಉಳಿಯುತ್ತದೆ. ಸ್ಕ್ರಿಪ್ಟಿನಲ್ಲಿರುವ ಸೆಟ್‌ವ್ಯಾಲ್ಯೂ ಆ ಕ್ಷಣದ ಬೆಲೆಯನ್ನು ನಕಲು ಮಾಡುತ್ತದೆ, ಸಂಬಂಧವನ್ನು ಕಟ್ಟುವುದಿಲ್ಲ. ಪರದೆಯ ಮೇಲೆ ಎರಡೂ ಚಿತ್ರ ಒಂದೇ ರೀತಿ ಕಂಡರೂ ಮೊದಲನೆಯದರಲ್ಲಿ ಇರುವುದು ರೇಖಾಗಣಿತ, ಎರಡನೆಯದರಲ್ಲಿ ಇರುವುದು ಅದರ ತೋರಿಕೆ. ಸ್ಕ್ರಿಪ್ಟಿನ ರುಚಿ ಹತ್ತಿದವರು ರಚನೆಯಿಂದಲೇ ಆಗುವ ಕೆಲಸಕ್ಕೂ ಸ್ಕ್ರಿಪ್ಟ್ ಬರೆದು ಈ ಹಳ್ಳಕ್ಕೆ ಬೀಳುತ್ತಾರೆ.

ಇನ್ನೊಂದು ತೊಡಕು ಕಲಿಕೆಯ ಏಣಿಯ ಮೆಟ್ಟಿಲುಗಳ ನಡುವಿನ ಅಂತರ. ‘ರಿಪೀಟ್’ ಆದೇಶ ಇದೆಯಾದರೂ ಜಿಯೋಜೀಬ್ರಾ ಸ್ಕ್ರಿಪ್ಟಿನಲ್ಲಿ ಸ್ವಲ್ಪ ಜಟಿಲವಾದದ್ದನ್ನು ಬರೆಯಹೊರಟರೆ ಕೈ ಕಟ್ಟಿದಂತಾಗುತ್ತದೆ. ಅಲ್ಲಿಂದ ಮುಂದಕ್ಕೆ ಇರುವ ದಾರಿ ಜಾವಾಸ್ಕ್ರಿಪ್ಟ್. ಹೈಸ್ಕೂಲಿನ ಮೇಷ್ಟ್ರಿಗೆ ಅದು ಒಂದೇ ಹೆಜ್ಜೆಗೆ ಎಟುಕುವಂಥದ್ದಲ್ಲ.

ಪಾಠಗಳನ್ನು ಹಂಚಿಕೊಳ್ಳುವವರಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವ ಕೊರತೆ ಇನ್ನೊಂದಿದೆ. ಬೇರೆಯವರು ಮಾಡಿದ ಕಡತ ತೆರೆದಾಗ ರಚನೆಯ ಹಂತಗಳು ಒಂದೇ ಪಟ್ಟಿಯಲ್ಲಿ ಕ್ರಮವಾಗಿ ಸಿಗುತ್ತವೆ. ಸ್ಕ್ರಿಪ್ಟುಗಳು ಮಾತ್ರ ಒಂದೊಂದು ವಸ್ತುವಿನ ಗುಣಲಕ್ಷಣಗಳ ಕಿಟಕಿಯಲ್ಲಿ ಅಡಗಿರುತ್ತವೆ. ಗುಂಡಿ ಒತ್ತಿದರೆ ಏನಾಗುತ್ತದೆಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕು. ಹೊಸ ಲೆಕ್ಕ ಹಾಕಲು, ಚಿತ್ರವನ್ನು ಮೊದಲಿನಂತೆ ಜೋಡಿಸಲು, ಉತ್ತರ ತಪಾಸಿಸಲು ಸ್ಕ್ರಿಪ್ಟ್ ಸೌಲಭ್ಯ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡ ಪಾಠಗಳಿಗೂ ಒದಗಬೇಕಾದರೆ, ಹಂತಗಳ ಪಟ್ಟಿಯಲ್ಲೇ ಸ್ಕ್ರಿಪ್ಟುಗಳೂ ಕಾಣುವಂತಾಗಬೇಕು.