ಪರದೆ ಮೇಲಿದ್ದವರು ಪರದೆ ಮುಂದೆ ಕೂತಾಗ

2012ರ ಮಾರ್ಚ್ 5ರಂದು ಯೂಟ್ಯೂಬ್‌ಗೆ ಬಂದ ‘ಕೋನಿ 2012’ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅರ್ಧ ಗಂಟೆಯ ಚಿತ್ರ, ಆರು ದಿನದಲ್ಲಿ 10 ಕೋಟಿ ವೀಕ್ಷಣೆ. ಉಗಾಂಡಾದಲ್ಲಿ ಮಕ್ಕಳನ್ನು ಹೊತ್ತೊಯ್ದು ಅವರ ಕೈಗೆ ಬಂದೂಕು ಕೊಟ್ಟ ಬಂಡುಕೋರ ನಾಯಕ ಜೋಸೆಫ್ ಕೋನಿ. ಅವನ ಹೆಸರು ಲೋಕಕ್ಕೆಲ್ಲ ಗೊತ್ತಾಗಬೇಕು, ಆ ಒತ್ತಡದಲ್ಲಿ ಅವನು ಸಿಕ್ಕಿಬೀಳಬೇಕು ಅನ್ನೋದು ಚಿತ್ರದ ಗುರಿ. ಮಾಡಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿದ್ದ ‘ಇನ್‌ವಿಸಿಬಲ್ ಚಿಲ್ಡ್ರನ್’ ಎಂಬ ನಾನ್‌ಪ್ರಾಫಿಟ್.

ಇಷ್ಟು ವರ್ಷ ಆದಮೇಲೆ ಇದನ್ನ ಮತ್ತೆ ಯಾಕೆ ನೋಡಬೇಕು? ಊರಿನ ಶಾಲೆಗೆ, ಅನಾಥಾಶ್ರಮಕ್ಕೆ ದುಡ್ಡು ಕೂಡಿಸೋಕೆ ಅಂತ ಹೊರದೇಶದ ಕನ್ನಡಿಗರಾದ ನಾವು ತೋರಿಸುವ ಐದು ನಿಮಿಷದ ವಿಡಿಯೋಗಳಲ್ಲೂ ಇದೇ ಅಚ್ಚು ಕಾಣುತ್ತೆ, ಅದಕ್ಕೆ.

ಚಿತ್ರಕ್ಕೆ ಶಕ್ತಿ ಇದೆ, ಅದನ್ನ ಮೊದಲು ಒಪ್ಪಿಕೊಳ್ಳೋಣ. ನಿರ್ದೇಶಕ ಜೇಸನ್ ರಸಲ್ ತಮ್ಮ ಪುಟ್ಟ ಮಗನಿಗೆ ಕೋನಿಯ ಫೋಟೋ ತೋರಿಸಿ, ಇವನೇ ಕೆಟ್ಟವನು ಅಂತ ಹೇಳಿಕೊಡ್ತಾರೆ. ಅಣ್ಣನನ್ನು ಕಳಕೊಂಡ ಜೇಕಬ್ ಅನ್ನೋ ಉಗಾಂಡಾದ ಹುಡುಗ ಕ್ಯಾಮೆರಾ ಮುಂದೆ ಅಳ್ತಾನೆ, ಇದನ್ನ ನಿಲ್ಲಿಸ್ತೀವಿ ಅಂತ ರಸಲ್ ಮಾತು ಕೊಡ್ತಾರೆ. ಆಮೇಲೆ ನಾವೇನು ಮಾಡಬೇಕು ಅನ್ನೋದೂ ಸಿದ್ಧವಾಗಿದೆ: ವಿಡಿಯೋ ಶೇರ್ ಮಾಡಿ, ಪೋಸ್ಟರು, ಕೈಪಟ್ಟಿ ಇರುವ 30 ಡಾಲರಿನ ಕಿಟ್ ಕೊಳ್ಳಿ. ಅಳು, ಸಿಟ್ಟು, ಖರೀದಿ, ಮೂರೂ ಒಂದೇ ಕೂತಿನಲ್ಲಿ.

ಇದರಲ್ಲಿ ಹಸಿ ಸುಳ್ಳು ಹುಡುಕಿದರೆ ಹೆಚ್ಚೇನೂ ಸಿಗಲ್ಲ. ಕೋನಿಯ ಪಡೆ 2006ರ ಹೊತ್ತಿಗೇ ಉಗಾಂಡಾ ಬಿಟ್ಟು ಪಕ್ಕದ ದೇಶಗಳ ಕಾಡು ಸೇರಿತ್ತು. ಚಿತ್ರ ಅದನ್ನ ಹೇಳುತ್ತೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತೆ. ನೋಡಿದವರ ತಲೆಯಲ್ಲಿ ಉಳಿಯೋದು ಇವತ್ತಿಗೂ ಹೊತ್ತಿ ಉರಿಯುತ್ತಿರುವ ಉಗಾಂಡಾ. ಒಂದೊಂದು ವಾಕ್ಯವೂ ನಿಜ, ಒಟ್ಟು ಚಿತ್ರ ಮಾತ್ರ ದಾರಿ ತಪ್ಪಿಸುವಂಥದ್ದು.

ಈ ಚಿತ್ರದ ನಿಜವಾದ ವಿಮರ್ಶೆ ನಡೆದದ್ದು ಉತ್ತರ ಉಗಾಂಡಾದ ಲೀರಾ ಪಟ್ಟಣದಲ್ಲಿ. ಅದೇ ಮಾರ್ಚ್‌ನಲ್ಲಿ ಸ್ಥಳೀಯ ಸಂಸ್ಥೆಯೊಂದು ಬಯಲಿನಲ್ಲಿ ಪರದೆ ಕಟ್ಟಿ ಇದನ್ನ ತೋರಿಸಿತು. ಸಾವಿರಾರು ಜನ ಬಂದರು. ಕೋನಿಯ ಪಡೆಯಿಂದ ಪೆಟ್ಟು ತಿಂದವರು, ಮಕ್ಕಳನ್ನು ಕಳಕೊಂಡವರು. ನಮ್ಮ ಕಥೆ ಅಂತ ನೋಡೋಕೆ ಬಂದರೆ ಅಲ್ಲಿ ಕಂಡದ್ದು ಅಮೆರಿಕದ ತಂದೆ-ಮಗ, ಮತ್ತು ತಮ್ಮ ಬದುಕು ಹಾಳು ಮಾಡಿದವನ ಮುಖವೇ ಪೋಸ್ಟರು, ಟೀ ಶರ್ಟ್ ಮೇಲೆ. ಜನ ರೊಚ್ಚಿಗೆದ್ದು ಕಲ್ಲು ತೂರಿದರು. ಮುಂದಿನ ಪ್ರದರ್ಶನಗಳನ್ನ ನಿಲ್ಲಿಸಬೇಕಾಯ್ತು.

ಇಲ್ಲಿ ಒಂದು ಪ್ರಶ್ನೆ. ಪಬ್ಲಿಕ್ ರಿಲೇಶನ್ಸ್ ಸೊಸೈಟಿ ಆಫ್ ಅಮೆರಿಕದ ನೀತಿ ಸಂಹಿತೆಯಲ್ಲಿ, ಪ್ರಾಮಾಣಿಕತೆಯ ಜೊತೆಗೆ, ನಾವು ಯಾರನ್ನು ಪ್ರತಿನಿಧಿಸುತ್ತೀವೋ ಅವರಿಗೆ ನಿಷ್ಠೆ ಅನ್ನೋದೂ ಒಂದು ಮೌಲ್ಯ. ಸಾಬೂನು ಕಂಪನಿಯ ಪ್ರಚಾರ ಮಾಡೋರಿಗೆ ಇದರ ಅರ್ಥ ಸಲೀಸು. ನಾನ್‌ಪ್ರಾಫಿಟ್‌ನ ಪ್ರಚಾರದಲ್ಲಿ ನಿಷ್ಠೆ ಯಾರಿಗೆ? ಸಂಬಳ ಕೊಡುವ ಸಂಸ್ಥೆಗಾ, ಪರದೆ ಮೇಲೆ ಅಳುವ ಹುಡುಗನಿಗಾ? ಸಾಬೂನು ಕೊಂಡವರು ಮನೇಲಿ ಹಚ್ಚಿ ನೋಡ್ತಾರೆ, ನೊರೆ ಬರದಿದ್ರೆ ಮುಂದಿನ ಸಲ ಆ ಕಡೆ ತಿರುಗಿಯೂ ನೋಡಲ್ಲ. ದಾನದಲ್ಲಿ ದುಡ್ಡು ಕೊಡೋರು ಒಬ್ಬರು, ಫಲ ಉಣ್ಣೋರು ಇನ್ನೊಬ್ಬರು. ಕೊಟ್ಟವರಿಗೆ ಕಾಣೋದು ವಿಡಿಯೋ ಒಂದೇ. ಅದು ಸರಿಯಿಲ್ಲ ಅಂತ ಹೇಳಬಲ್ಲವರನ್ನು ಯಾರೂ ಕೇಳಿರಲ್ಲ.

ಅಂಕಿ-ಅಂಶದ ಕೆಲಸ ಮಾಡುವವನಾದ್ದರಿಂದ ಲೆಕ್ಕದ ಜಗಳವೂ ನನಗೆ ಕುತೂಹಲ ಹುಟ್ಟಿಸುತ್ತೆ. ಖರ್ಚಿನಲ್ಲಿ ಶೇ 80ರಷ್ಟು ಕಾರ್ಯಕ್ರಮಗಳಿಗೇ ಹೋಗಿದೆ ಅಂತ ಸಂಸ್ಥೆ ಹೇಳಿತು. ಮಧ್ಯ ಆಫ್ರಿಕಾದ ಕೆಲಸಕ್ಕೆ ಹೋದದ್ದು ಸುಮಾರು ಶೇ 37 ಅನ್ನೋದೂ ಅವರದೇ ಲೆಕ್ಕ. ಎರಡೂ ಸರಿ. ಜಾಗೃತಿಯ ಸಿನಿಮಾ, ಪ್ರವಾಸಗಳನ್ನು ‘ಕಾರ್ಯಕ್ರಮ’ ಅನ್ನೋ ಡಬ್ಬಿಗೆ ಹಾಕಿದರೆ ಒಂದು ಉತ್ತರ, ಹಾಕದಿದ್ದರೆ ಇನ್ನೊಂದು. ಪ್ರಚಾರವೇ ಸೇವೆ ಅಂತ ಲೆಕ್ಕಕ್ಕೆ ಬಂದಾಗ ದಾನಿ ನೋಡಬೇಕಾದದ್ದು ಶೇಕಡಾವಾರನ್ನಲ್ಲ, ಡಬ್ಬಿ ಒಳಗೆ ಏನಿದೆ ಅನ್ನೋದನ್ನ.

ಒಂದೇ ತಿಂಗಳಲ್ಲಿ ಅದೇ ಸಂಸ್ಥೆ ಎರಡನೇ ಭಾಗ ತಂದಿತು. ಅದರಲ್ಲಿ ಆಫ್ರಿಕಾದ ನಾಯಕರ, ಸ್ಥಳೀಯರ ಮಾತು ಹೆಚ್ಚಿತ್ತು, ಪೂರ್ವಾಪರವೂ ಇತ್ತು. ಮೊದಲನೇದರ ವೀಕ್ಷಣೆಯ ಹತ್ತಿರಕ್ಕೂ ಅದು ಬರಲಿಲ್ಲ. ಊರೂರಲ್ಲಿ ಪೋಸ್ಟರು ಅಂಟಿಸಿ ಅಂತ ಗೊತ್ತು ಮಾಡಿದ್ದ ಏಪ್ರಿಲ್ 20ರ ರಾತ್ರಿ ಬೀದಿಗಿಳಿದವರೂ ಕಮ್ಮಿ. ಇನ್ನೂ ಒಂದಿದೆ. ಹಿಂದಿನ ವರ್ಷವೇ ‘ರಿಸಾಲ್ವ್’ ಎಂಬ ಸಂಸ್ಥೆ ಜೊತೆ ಸೇರಿ ಇವರು ದಾಳಿಗಳನ್ನು ನಕ್ಷೆ ಮೇಲೆ ಗುರುತಿಸುವ ‘ಎಲ್‌ಆರ್‌ಎ ಕ್ರೈಸಿಸ್ ಟ್ರ್ಯಾಕರ್’ ಶುರು ಮಾಡಿದ್ದರು. ಕಾಡಂಚಿನ ಹಳ್ಳಿಗಳ ರೇಡಿಯೋಗಳಿಂದ ಅದಕ್ಕೆ ಮಾಹಿತಿ ಬರ್ತಿತ್ತು. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ ಅದೇ. ಅದು ವೈರಲ್ ಆಗಲಿಲ್ಲ. ಕ್ಲಿಕ್ಕುಗಳನ್ನೇ ಎಣಿಸುತ್ತಾ ಹೋದರೆ ಅಳು ಗೆಲ್ಲುತ್ತೆ, ನಕ್ಷೆ ಸೋಲುತ್ತೆ. ಕೋನಿ ಮಾತ್ರ ಸಿಗಲೇ ಇಲ್ಲ, 2017ರಲ್ಲಿ ಅಮೆರಿಕ, ಉಗಾಂಡಾ ಎರಡೂ ಹುಡುಕಾಟ ನಿಲ್ಲಿಸಿದವು.

ಆಗ ಲೇಖಕ ಟೇಜು ಕೋಲ್ ಇದನ್ನ ಬಿಳಿಯ ಉದ್ಧಾರಕರ ಉದ್ಯಮ ಅಂತ ಟೀಕಿಸಿದ್ದರು. ಟೀಕೆ ಸರಿ, ಆದರೆ ಅಷ್ಟಕ್ಕೇ ಬಿಟ್ಟರೆ ನಾವು ಸುಲಭವಾಗಿ ತಪ್ಪಿಸಿಕೊಳ್ತೀವಿ. ನಾವೇನು ಬಿಳಿಯರಲ್ಲವಲ್ಲ! ಆದರೂ ಡಾಲರಿಗೂ ನಮ್ಮ ತಾಲ್ಲೂಕಿನ ಶಾಲೆಗೂ ನಡುವೆ ಅದೇ ದೂರ ಇದೆ. ಬರಿಗಾಲಿನ ಮಗು, ಸೋರುವ ಹೆಂಚು, ಹಿಂದೆ ಕೊಳಲು, ಕೊನೆಗೆ ಮಕ್ಕಳೆಲ್ಲ ಸಾಲಾಗಿ ನಿಂತು “ಥ್ಯಾಂಕ್ಯೂ ಅಂಕಲ್, ಥ್ಯಾಂಕ್ಯೂ ಆಂಟಿ”. ಆ ಮಗುವಿಗೆ ಇಪ್ಪತ್ತೆರಡು ತುಂಬಿ ಬೆಂಗಳೂರಿನಲ್ಲಿ ಕೆಲಸ ಹುಡುಕುವಾಗಲೂ ಆ ವಿಡಿಯೋ ಹೆಸರಿನ ಸಮೇತ ಯೂಟ್ಯೂಬ್‌ನಲ್ಲೇ ಇರುತ್ತೆ. ಒಪ್ಪಿಗೆ ಕೇಳಿದ್ರಾ ಅಂದ್ರೆ ಮೇಷ್ಟ್ರನ್ನ ಕೇಳಿದ್ವಿ ಅಂತೀವಿ. ಅನುದಾನ ಬರಬೇಕಾದ ಶಾಲೆಯ ಮೇಷ್ಟ್ರು ಬೇಡ ಅಂತಾರಾ?

ಇದಕ್ಕೆ ದೊಡ್ಡ ಸಂಹಿತೆ ಏನೂ ಬೇಕಿಲ್ಲ. ಯುಗಾದಿ ಕಾರ್ಯಕ್ರಮದ ಪರದೆಗೆ ಬರುವ ಮೊದಲು ವಿಡಿಯೋ ಆ ಶಾಲೆಯ ಗೋಡೆ ಮೇಲೆ ಓಡಲಿ. ಅಪ್ಪ-ಅಮ್ಮಂದಿರು, ಮಕ್ಕಳು ಕೂತು ನೋಡಲಿ. ಇದನ್ನ ತೆಗೀರಿ ಅಂದದ್ದನ್ನ ತೆಗೆಯೋಣ. ಅವರು ಬೇಡ ಅಂದರೂ ಅನುದಾನ ನಿಲ್ಲಲ್ಲ ಅಂತ ಮೊದಲೇ ಹೇಳಿಬಿಡೋಣ. ಆ ಸಂಜೆ ಕೂಡುವ ದುಡ್ಡು ಕಮ್ಮಿ ಆಗಬಹುದು, ನಿಜ. ಹಾಗೆ ಕಮ್ಮಿಯಾದಷ್ಟನ್ನು ಈವರೆಗೆ ಆ ಮಕ್ಕಳ ಮರ್ಯಾದೆಯಿಂದ ತುಂಬಿಸ್ತಿದ್ವಿ, ಇನ್ನು ಮೇಲೆ ನಮ್ಮ ಜೇಬಿನಿಂದ ತುಂಬಿಸೋಣ.