ಆಕಾಶವಾಣಿಯೂ ಅಧಿಕಾರವೂ

ಪುರಾಣದ ಆಕಾಶವಾಣಿಯು ಅರಸನ ಮೆಚ್ಚುಗೆಗಾಗಿ ನುಡಿದುದಲ್ಲ. ತಂಗಿಯ ಮದುವೆಯ ರಥವನ್ನು ತಾನೇ ನಡೆಸುತ್ತಿದ್ದ ಕಂಸನಿಗೆ ಅದು ತಿಳಿಸಿದುದು ಅವನು ಕೇಳಲೊಲ್ಲದ ಮಾತನ್ನು. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಈ ಹೆಸರು ಬಂದಿತು. ನಾಮಕರಣದ ಗೌರವವನ್ನು ಕೆಲವರು ಅವರಿಗೂ ಕೆಲವರು ನಾ. ಕಸ್ತೂರಿಯವರಿಗೂ ಸಲ್ಲಿಸುತ್ತಾರೆ. ಕಸ್ತೂರಿಯವರು ಕೊಚ್ಚಿಯ ಬಳಿಯ ತ್ರಿಪ್ಪೂಣಿತ್ತುರದಲ್ಲಿ ಹುಟ್ಟಿ ಕನ್ನಡಿಗರಾದವರು. ಹೆಸರಿನ ಅರ್ಥಕ್ಕೆ ಸಂಸ್ಥೆಯು ಎಷ್ಟುಮಟ್ಟಿಗೆ ನಿಷ್ಠವಾಗಿದೆಯೆಂಬುದು ಕೇರಳದಲ್ಲಿಯೇ ವಿಚಾರಾರ್ಹವಾಗಿದೆ.

ತಿರುವನಂತಪುರದಲ್ಲಿ ಪ್ರಭುತ್ವವನ್ನು ಪ್ರಶ್ನಿಸುವ ಪರಂಪರೆ ಬಾನುಲಿಗಿಂತ ಹಳೆಯದು. ದಿವಾನರನ್ನು ಟೀಕಿಸಿದ ‘ಸ್ವದೇಶಾಭಿಮಾನಿ’ಯ ಸಂಪಾದಕ ಕೆ. ರಾಮಕೃಷ್ಣ ಪಿಳ್ಳೆಯವರನ್ನು ತಿರುವಾಂಕೂರು ಸಂಸ್ಥಾನವು 1910ರಲ್ಲಿ ಗಡೀಪಾರು ಮಾಡಿ, ಅಚ್ಚುಕೂಟವನ್ನು ಮುಟ್ಟುಗೋಲು ಹಾಕಿತು. ಅದೇ ಸಂಸ್ಥಾನವು 1943ರಲ್ಲಿ ಬಾನುಲಿ ಕೇಂದ್ರವನ್ನು ತೆರೆಯಿತು. 1950ರ ಏಪ್ರಿಲ್ 1ರಂದು ಅದು ಅಖಿಲ ಭಾರತ ಬಾನುಲಿಗೆ ಸೇರಿತು. ಒಡೆಯರು ಬದಲಾದರು, ಸರಕಾರದ ಒಡೆತನ ಬದಲಾಗಲಿಲ್ಲ.

1970ರ ಹೊತ್ತಿಗೆ ರೂಪುಗೊಂಡಿದ್ದ ಆಕಾಶವಾಣಿಯ ನಿಯಮಾವಳಿಯು ಕೇಂದ್ರ ಸರಕಾರವನ್ನಾಗಲಿ ರಾಜ್ಯ ಸರಕಾರವನ್ನಾಗಲಿ ಕಟುವಾಗಿ ಟೀಕಿಸುವ ಭಾಷಣವನ್ನು ನಿಷೇಧಿಸಿತು. ಎರಡಕ್ಕೂ ಸಮಾನ ರಕ್ಷಣೆಯಿರುವುದರಿಂದ ಇದು ನಿಷ್ಪಕ್ಷಪಾತವೆಂದು ತೋರಬಹುದು. ವಸ್ತುತಃ ರಕ್ಷಣೆ ದೊರೆತುದು ಇಬ್ಬರು ಆಳುವವರಿಗೆ, ಆಳಿಸಿಕೊಳ್ಳುವವನಿಗಲ್ಲ. 1990ರ ಪ್ರಸಾರ ಭಾರತಿ ಶಾಸನವು, 1997ರಲ್ಲಿ ಜಾರಿಗೆ ಬಂದಾಗ, ಬೇರೊಂದು ಆದರ್ಶವನ್ನು ಮುಂದಿಟ್ಟಿತು: ಸತ್ಯವನ್ನು ಅರಿಯುವ ಹಕ್ಕು ಪ್ರಜೆಯದು; ಭಿನ್ನಾಭಿಪ್ರಾಯಗಳನ್ನು ಸಮತೂಕದಿಂದ ಮುಂದಿಡುವುದು ಸಂಸ್ಥೆಯ ಕರ್ತವ್ಯ. ಆದರೆ ಅದೇ ಶಾಸನ ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನೂ ಉಳಿಸಿತು. ಹಣದ ಚೀಲವೂ ಅಲ್ಲಿಯೇ ಉಳಿಯಿತು.

ಇದರ ಪರೀಕ್ಷೆ ನಡೆದುದು 2024ರ ಏಪ್ರಿಲ್ 5ರಂದು. ಕೇರಳದಲ್ಲಿ ಲೋಕಸಭಾ ಮತದಾನಕ್ಕೆ ಮೂರು ವಾರಗಳಿದ್ದಾಗ ದೂರದರ್ಶನವು ‘ದಿ ಕೇರಳ ಸ್ಟೋರಿ’ ಚಲನಚಿತ್ರವನ್ನು ಪ್ರಸಾರ ಮಾಡಿತು. ಚಿತ್ರ ಹೇಳಿದ 32,000 ಎಂಬ ಸಂಖ್ಯೆಗೆ ಅಧಿಕೃತ ಆಧಾರವಿಲ್ಲವೆಂದು ತೆರೆಯ ಮೇಲೆ ತಿಳಿಸಲು ಅದರ ನಿರ್ಮಾಪಕರು 2023ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದಲ್ಲಿ ಒಪ್ಪಿದ್ದರು. ಆಗಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್, ವಿರೋಧಪಕ್ಷದ ನಾಯಕ ವಿ.ಡಿ. ಸತೀಶನ್ ಇಬ್ಬರೂ ಪ್ರಸಾರವನ್ನು ವಿರೋಧಿಸಿದರು. ಆಕ್ಷೇಪಕ್ಕೆ ಕಾರಣವಿತ್ತು, ಆದರೆ ತಡೆಯೇ ಪರಿಹಾರವಾಗಲಾರದು. ಇಂದು ಒಂದು ಸರಕಾರದ ಆಕ್ಷೇಪಕ್ಕೆ ಮಣಿದ ಸಂಸ್ಥೆ ನಾಳೆ ಇನ್ನೊಂದರ ಆಕ್ಷೇಪಕ್ಕೂ ಮಣಿಯುತ್ತದೆ. ಸಾರ್ವಜನಿಕ ಪ್ರಸಾರವು ಇಂಥ ಚಿತ್ರವನ್ನು ತೋರಿಸುವುದಾದರೆ, ಅದರ ಪ್ರತಿವಾದಕ್ಕೂ ಅಷ್ಟೇ ಕಾಲಾವಕಾಶವನ್ನು ನೀಡಬೇಕು. ಸಂಖ್ಯೆಯ ಸತ್ಯಾಸತ್ಯತೆಯನ್ನು ತಾನೇ ಶೋಧಿಸಿ ಹೇಳಬೇಕು. ಶಾಸನದ ಸಮತೂಕಕ್ಕೆ ಇದಕ್ಕಿಂತ ಕಡಿಮೆಯ ಅರ್ಥವಿಲ್ಲ.

ಹೊರನಾಡ ಕನ್ನಡಿಗರಿಗೆ ಇದು ಪರರ ಜಗಳವಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗನ ಅಹವಾಲು ಬಹುಮಟ್ಟಿಗೆ ತಿರುವನಂತಪುರದ ಸರಕಾರದ ಮೇಲೆಯೇ. ರಾಜ್ಯ ಸರಕಾರವನ್ನು ಟೀಕಿಸಲಾಗದೆಂದರೆ ಮೊದಲು ಮೂಕವಾಗುವುದು ಸಂಖ್ಯಾಬಲವಿಲ್ಲದ ಅವನ ದನಿ. ಬಲವಿದ್ದವರಿಗೆ ವೇದಿಕೆಗಳು ಹಲವು. ಅವನಿಗೆ ಉಳಿದುದು ಸಾರ್ವಜನಿಕವೆನಿಸಿದ ವಾಣಿಯೊಂದೇ. ಆ ವಾಣಿಗೆ ಶರೀರವಿರಬೇಕಾಗಿಲ್ಲ. ಅರಸನ ಅಂಜಿಕೆಯಂತೂ ಇರಲೇಬಾರದು.